ಒಗೆಯುವ ಕಲ್ಲಿನ ಅಡಿಯಲ್ಲಿದ್ದ ಎರಡು ಸಾಲು

ನಾನು ಕೆಲಸ ಮಾಡುವ ಹೋಂಸ್ಟೇಗೆ ಬಂದವರಿಗೆ ಸುತ್ತಮುತ್ತ ನೋಡುವ ಜಾಗಗಳ ಪಟ್ಟಿ ಬರೆದುಕೊಡುವುದು ನನ್ನ ಕೆಲಸ. ರಾಜಾಸೀಟು, ಕೋಟೆ, ಗದ್ದಿಗೆ, ಭಾಗಮಂಡಲ. ಇತಿಹಾಸದಲ್ಲಿ ಬಿ.ಎ. ಮಾಡಿದವಳು ಎಂದು ಮಾಲೀಕರು ಬಂದವರ ಮುಂದೆ ನನ್ನನ್ನು ನಿಲ್ಲಿಸುತ್ತಾರೆ. ಆ ಹೆಮ್ಮೆ ನನಗೂ ಇದೆ, ಮುಚ್ಚಿಡುವುದೇನು? ಚೆಟ್ಟಳ್ಳಿ ಕಡೆಯ ನಮ್ಮ ಎಸ್ಟೇಟಿನ ಲೈನಿನಲ್ಲಿ, ಅಂದರೆ ಆಳುಗಳಿಗೆಂದು ಕಟ್ಟಿಸಿದ ಒಂದೇ ಸಾಲು ಮನೆಗಳಲ್ಲಿ, ಡಿಗ್ರಿ ಮುಗಿಸಿದವಳು ನಾನೊಬ್ಬಳೇ. ತೋಟದೊಳಗೆ ಎರಡು ಮೈಲಿ ನಡೆದು ಮೊದಲ ಬಸ್ಸು ಹಿಡಿದು, ಕಾಲಿಗೆ ಹತ್ತಿದ ಜಿಗಣೆಯನ್ನು ಕಾಲೇಜಿನ ನಲ್ಲಿ ಹತ್ತಿರ ಕಿತ್ತೆಸೆದು ಓದಿದ್ದು. ಯಾರೂ ಸುಮ್ಮನೆ ಕೊಟ್ಟದ್ದಲ್ಲ.

ಆ ಪಟ್ಟಿಯಲ್ಲಿದ್ದ ಒಂದು ಜಾಗವನ್ನೂ ಅವ್ವ ನೋಡಿರಲಿಲ್ಲ. ಮಡಿಕೇರಿ ಅಂದರೆ ಅವಳಿಗೆ ಸಂತೆ, ಇಲ್ಲವೇ ಆಸ್ಪತ್ರೆ. ಹೋದ ವರ್ಷ ಮಳೆ ಬಿಟ್ಟ ಮೇಲೆ, ರಜೆ ಸಿಕ್ಕ ಭಾನುವಾರಗಳಲ್ಲಿ ನಾನು ಅವಳನ್ನು ಕರೆದುಕೊಂಡು ಹೊರಟೆ. ರಾಜಾಸೀಟಿನಲ್ಲಿ ಎಲ್ಲರೂ ಕಣಿವೆಯ ಕಡೆ ತಿರುಗಿ ಫೋಟೋ ತೆಗೆದುಕೊಳ್ಳುತ್ತಿದ್ದರೆ ಅವ್ವ ಹೂವಿನ ಪಾತಿಗಳ ಮುಂದೆ ಕುಕ್ಕರಗಾಲಿನಲ್ಲಿ ಕೂತಳು. "ಇಷ್ಟು ಕಳೆ ಕೀಳಾಕೆ ಎಷ್ಟು ಆಳು ಮಡಗವ್ರೆ? ರೈಟರು ಯಾರಂತೆ?" ಎಂದು ಕೇಳಿದಳು. ಆಳುಗಳ ಹಾಜರಿ ಹಾಕುವ ರೈಟರು ಇಲ್ಲದ ತೋಟವನ್ನು ಅವಳು ಕಂಡಿರಲಿಲ್ಲ.

ಮೂರನೆಯ ಭಾನುವಾರ ಒಂದು ಮ್ಯೂಸಿಯಂಗೆ ಹೋದೆವು. ಹೊರಗಿನ ಅಂಗಳದಲ್ಲಿ ವೀರಗಲ್ಲುಗಳನ್ನು ಸಾಲಾಗಿ ನಿಲ್ಲಿಸಿದ್ದರು. ಕಾದಾಡಿ ಸತ್ತವನಿಗೆ ಅವನ ಊರಿನವರು ಅವನ ಚಿತ್ರ ಕೆತ್ತಿಸಿ ನೆಡಿಸಿದ ಕಲ್ಲುಗಳು. ಅವ್ವ ಒಂದರ ಮೇಲೆ ಅಂಗೈ ಇಟ್ಟು ಸವರಿದಳು.

"ಮುಟ್ಟಬೇಡಿ ಅಮ್ಮ! ಬೋರ್ಡ್ ಹಾಕಿಲ್ವಾ?" ಎಂದು ಕಾವಲಿನವರು ಕೂಗಿದರು.

ಅವ್ವ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಬೋರ್ಡನ್ನು ನಾನು ಓದಿ ಹೇಳಿದೆ. ಸ್ವಲ್ಪ ಹೊತ್ತು ಬಿಟ್ಟು ಅವಳು ನನ್ನ ಕಿವಿಯ ಹತ್ತಿರ ಬಂದು ಅಂದಳು, "ಇಂಥದೇ ಗೊಂಬೆ ನಮ್ ಬಟ್ಟೆ ಕಲ್ಲಿನ ಹೊಟ್ಟೇಲೂ ಐತೆ ಕಣವ್ವ."

ಲೈನಿನ ಹಿಂದೆ ನೀರಿನ ತೊಟ್ಟಿಯ ಪಕ್ಕ ಬಟ್ಟೆ ಒಗೆಯುವ ಚಪ್ಪಡಿ ಇದೆ. ನಾನು ಹುಟ್ಟುವ ಮೊದಲು ಅದನ್ನು ತೋಟದಿಂದ ಎಳೆದು ತಂದಾಗ ಅವ್ವ ಅದರ ಅಡಿ ನೋಡಿದ್ದಳಂತೆ. ಗೊಂಬೆ ಇದ್ದ ಕಡೆ ಬಟ್ಟೆ ಹರಿಯುತ್ತದೆ ಎಂದು ಕೆಳಮುಖ ಮಾಡಿ ಹಾಕಿದ್ದರು. ಅವತ್ತು ಸಂಜೆಯೇ ನಾನು ಮೋರಿಯ ಕೆಸರಿನಲ್ಲಿ ಮಲಗಿ, ಚಪ್ಪಡಿಗೆ ಆಸರೆಯಾಗಿಟ್ಟ ಊತಗಲ್ಲುಗಳ ಸಂದಿನಲ್ಲಿ ಮೊಬೈಲು ತೂರಿಸಿದೆ. ಕುದುರೆಯ ಕಾಲು, ಕತ್ತಿ ಹಿಡಿದ ಕೈ. ಅವುಗಳ ಕೆಳಗೆ ಎರಡು ಸಾಲು ಬರಹ. ಸೋಪಿನ ಜಿಡ್ಡು, ಪಾಚಿ. ಫೋಟೋದಲ್ಲಿ ಬಂದದ್ದು ಅಂಚಿನ ಮೂರು ಅಕ್ಷರ ಮಾತ್ರ.

ಮ್ಯೂಸಿಯಂನ ಅಧಿಕಾರಿಗೆ ಫೋಟೋ ತೋರಿಸಿದೆ. ಅವರು ಕುರ್ಚಿಯಿಂದ ಎದ್ದೇಬಿಟ್ಟರು. "ಕಲ್ಲು ಎಷ್ಟಾದರೂ ಸಿಗುತ್ತೆ, ಬರಹ ಇರೋದು ಅಪರೂಪ. ತಿರುಗಿಸೋಕೆ ಹೋಗಬೇಡಿ, ಒಡೆದೀತು. ನಾನೇ ಬಂದು ಕಾಗದ ಒತ್ತಿ ಬರಹದ ಅಚ್ಚು ತೆಗೀತೀನಿ. ಆಮೇಲೆ ಇಲ್ಲಿಗೆ ತಂದು, ಸಿಕ್ಕ ಜಾಗದ ಹೆಸರು ಹಾಕಿ ನಿಲ್ಲಿಸೋಣ," ಎಂದರು.

ಅವ್ವನಿಗೆ ಇದನ್ನು ಹೇಳಿ, ಕಲ್ಲು ಒಡೆಯುವ ಹಾಗೆ ಏನೂ ಮಾಡಬೇಡ ಅಂದಾಗ ಅವಳು ಕೇಳಿದ್ದು ಒಂದೇ. "ನಮ್ ಲೈನಿನ ಹೆಸರು ಬರೀತಾರಾ?"

"ಬರೀತಾರೆ."

ಅವಳು ಲೈನಿಗೆಲ್ಲ ಸಾರಿ ಬಂದಳು. ಅವತ್ತಿನಿಂದ ಆ ಕಲ್ಲಿನ ಮೇಲೆ ಯಾರೂ ಒಗೆಯಲಿಲ್ಲ. ಹೆಂಗಸರು ಬಕೆಟ್ಟು ಹೊತ್ತು ಕೆರೆಯವರೆಗೆ ಇಳಿದರು. "ನಿನ್ ಮಗಳು ಓದಿದ್ದಕ್ಕೆ ನಮ್ ಸೊಂಟ ಬಿತ್ತು ಕಣಕ್ಕ," ಎಂದು ಪಕ್ಕದ ಮನೆಯವಳು ರೇಗಿಸಿದರೆ ಅವ್ವ ನಗುತ್ತಿದ್ದಳು. ಹೆಸರು ಬರುತ್ತದಲ್ಲ ಎಂದು ಅವರೂ ಸುಮ್ಮನಾಗುತ್ತಿದ್ದರು. ಆ ಲೈನಿನವರ ಹೆಸರು ಹಾಜರಿ ಪುಸ್ತಕ ಬಿಟ್ಟು ಬೇರೆಲ್ಲೂ ಬಂದದ್ದಿಲ್ಲ.

ಅಧಿಕಾರಿಗೆ ಬರಲು ಎರಡು ತಿಂಗಳಾಯಿತು. ಅಷ್ಟರಲ್ಲಿ ಒಂದು ದಿನ ನಾನು ಊಟ ಮಾಡುತ್ತಾ ಆ ಫೋಟೋವನ್ನು ಹಿಗ್ಗಿಸಿ ನೋಡಿ ಬೇಸರದಲ್ಲಿ ಅಂದೆ, "ಅಕ್ಷರ ಮಾಸಿಹೋಗಿದೆ ಅವ್ವ. ಎದ್ದು ಕಾಣೋ ಹಾಗಿದ್ದಿದ್ದರೆ ನಾನೇ ಓದಿಬಿಡ್ತಿದ್ದೆ." ಅವ್ವ ಫೋಟೋ ಕಡೆ ಒಮ್ಮೆ ಬಗ್ಗಿ ನೋಡಿದಳು. ಪಲ್ಯ ಬಡಿಸಿದಳು.

ಡಿಸೆಂಬರಿನಲ್ಲಿ ಹೋಂಸ್ಟೇ ತುಂಬಿತು. ಒಂದು ವಾರ ನಾನು ಮನೆಗೆ ಹೋಗಲಿಲ್ಲ. ಆ ವಾರವೇ ಒರಳು ಕುಟ್ಟುವವನು ಬಂದ. ಒರಳು, ಅರೆಯುವ ಕಲ್ಲು ನುಣುಪಾದರೆ ಉಳಿಯಿಂದ ಕುಟ್ಟಿ ಒರಟು ಮಾಡಿಕೊಡುವವನು. ವರ್ಷಕ್ಕೊಂದು ಸಲ ಲೈನಿಗೆ ಬರುತ್ತಾನೆ. ಅವ್ವ ನಾಲ್ಕು ಜನ ಗಂಡಸರನ್ನು ಕರೆದು, ಗೋಣಿಚೀಲ ಹಾಸಿ, ಕಲ್ಲು ಒಡೆಯದ ಹಾಗೆ ಜೋಪಾನವಾಗಿ ತಿರುಗಿಸಿದಳು. ನಾನು ಹೇಳಿದ್ದ ಆ ಒಂದು ಎಚ್ಚರಿಕೆಯನ್ನು ಅವಳು ಪಾಲಿಸಿದ್ದಳು. ತೆಂಗಿನ ನಾರು ಹಾಕಿ ಉಜ್ಜಿ ತೊಳೆದಳು. ಆಮೇಲೆ ಅವನನ್ನು ಕೂರಿಸಿ ಊಟ ಹಾಕಿ, ಅಕ್ಷರ ಎದ್ದು ಕಾಣುವ ಹಾಗೆ ಮಾಡಿಕೊಡು ಅಂದಳು.

ನಾನು ಅಧಿಕಾರಿಯ ಜೊತೆಯಲ್ಲೇ ಜೀಪಿನಲ್ಲಿ ಬಂದೆ. ಅವ್ವ ಹಬ್ಬದ ಸೀರೆ ಉಟ್ಟುಕೊಂಡು ತೊಟ್ಟಿಯ ಹತ್ತಿರ ನಿಂತಿದ್ದಳು. ಕಲ್ಲು ಬೆಳ್ಳಗೆ ಹೊಳೆಯುತ್ತಿತ್ತು. ಒರಳು ಕುಟ್ಟುವವನಿಗೂ ಓದು ಬರದು. ಗೀರು ಕಂಡ ಕಡೆ ಗೀರು, ಚುಕ್ಕಿ ಕಂಡ ಕಡೆ ಚುಕ್ಕಿ, ಏನೂ ಕಾಣದ ಕಡೆ ಅಚ್ಚುಕಟ್ಟಾಗಿ ನೇರ ಗೆರೆ. ಎರಡು ಸಾಲೂ ಆಳವಾಗಿ, ಸ್ಪಷ್ಟವಾಗಿ ಕಾಣುತ್ತಿದ್ದವು. ಅದರಲ್ಲಿ ಒಂದೂ ಅಕ್ಷರವಾಗಿರಲಿಲ್ಲ. ಕುದುರೆಯ ಮೈಯೆಲ್ಲ ಉಳಿಯ ಗುರುತು. ವೀರನಿಗೆ ಹೊಸ ಮೀಸೆ ಬಂದಿತ್ತು.

ಅವ್ವ ಕಾಫಿ ಕಾಸಲು ಒಳಗೆ ಹೋದಳು. ಅಧಿಕಾರಿ ಕೂತು ಬಹಳ ಹೊತ್ತು ನೋಡಿದರು. ಒಳ್ಳೆಯ ಮನುಷ್ಯ, ಬೈಯಲಿಲ್ಲ. "ಆ ಫೋಟೋ ಬಿಟ್ಟು ಬೇರೆ ಇದೆಯೇನಮ್ಮ?" ಎಂದು ಕೇಳಿದರು.

"ಇಲ್ಲ ಸರ್."

"ಹಾಗಾದರೆ ಇನ್ನು ಯಾರಿಗೂ ಗೊತ್ತಾಗಲ್ಲ. ಚಿತ್ರಕ್ಕೂ ಉಳಿ ಬಿದ್ದಿದೆ. ಇದನ್ನು ತಗೊಂಡು ಹೋಗಿ ಏನಂತ ಇಡಲಿ?"

ಅವ್ವ ತಂದುಕೊಟ್ಟ ಕಾಫಿ ಕುಡಿದು ಅವರು ಹೊರಟರು. ಜೀಪು ಹೊರಟದ್ದೇ ಅವ್ವ ನನ್ನ ಹತ್ತಿರ ಓಡಿ ಬಂದಳು. "ಓದಿದ್ರಾ? ಏನಂತೆ?"

ಆಗ ಸುಳ್ಳು ಹೇಳಬಹುದಿತ್ತು. ಹಳೇ ಕಾಲದ ಭಾಷೆ, ಓದಲು ದಿನ ಬೇಕಂತೆ ಎಂದು ಹೇಳಿದ್ದರೂ ಅವಳು ನಂಬುತ್ತಿದ್ದಳು. ನಾನು ಹೇಳಿದ್ದು ಬೇರೆ. "ಓದೋಕೆ ಏನು ಉಳಿಸಿದೀಯ ನೀನು? ಇದ್ದದ್ದನ್ನೂ ಅಳಿಸಿ ಹಾಕಿದೆ." ಲೈನಿನವರೆಲ್ಲ ಬಾಗಿಲಲ್ಲಿ ನಿಂತಿದ್ದರು. ಎಲ್ಲರಿಗೂ ಕೇಳಿಸಿತು.

ಅವ್ವ ಕಲ್ಲಿನ ಕಡೆ ನೋಡಿದಳು. "ಕಾಣಲ್ಲ ಅಂದ್ಯಲ್ಲ ಮಗ," ಅಂದಳು.

ಅಕ್ಷರ ಅನ್ನುವುದು ಅವಳಿಗೆ ಒರಳಿನ ಹಲ್ಲುಗಳ ಹಾಗೆ, ಸವೆದರೆ ಕುಟ್ಟಿಸಬಹುದಾದದ್ದು. ಹಾಗಲ್ಲ ಎಂದು ಹೇಳಿಕೊಡಬೇಕಾದವಳು ನಾನು. ಮೂರು ವರ್ಷ ಇತಿಹಾಸ ಓದಿ ಬಂದ ನಾನು ಕಾವಲಿನವರ ಹಾಗೆ ಬೇಡ ಅಂದಿದ್ದೆನೇ ಹೊರತು, ಯಾಕೆ ಅಂದಿರಲಿಲ್ಲ.

ಮಾರನೆಯ ದಿನ ಗಂಡಸರು ಕಲ್ಲನ್ನು ಊತಗಲ್ಲುಗಳ ಮೇಲಿಟ್ಟರು. ಈ ಸಲ ಗೊಂಬೆ ಮೇಲೆ, ನುಣುಪು ಕೆಳಗೆ. ತಿರುಗಿಸುವ ಕಷ್ಟವನ್ನು ಯಾರೂ ತೆಗೆದುಕೊಳ್ಳಲಿಲ್ಲ. ಹೆಂಗಸರು ಕೆರೆಗೆ ಇಳಿಯುವುದನ್ನು ಬಿಟ್ಟರು. ಪಕ್ಕದ ಮನೆಯವಳು ಜಮಖಾನೆ ಒಗೆಯುತ್ತಾ ನನಗೆ ಕೇಳಿಸುವ ಹಾಗೆ ಅಂದಳು, "ಈಗ ಬಟ್ಟೆ ಜಾರಲ್ಲ ಕಣೆ, ಒಳ್ಳೇದಾಯ್ತು." ಅವಳು ಚುಚ್ಚಲೆಂದು ಅಂದದ್ದಲ್ಲ, ನಿಜವಾಗಿಯೂ ಜಾರುತ್ತಿರಲಿಲ್ಲ. ಅವ್ವ ಮಾತ್ರ ಅಲ್ಲಿ ಒಗೆಯುವುದಿಲ್ಲ. ಈಗಲೂ ಒಬ್ಬಳೇ ಬಕೆಟ್ಟು ಹೊತ್ತು ಕೆರೆಗೆ ಇಳಿಯುತ್ತಾಳೆ.

ಹೋಂಸ್ಟೇಗೆ ಬರುವವರಿಗೆ ಪಟ್ಟಿ ಬರೆದುಕೊಡುತ್ತಲೇ ಇದ್ದೇನೆ. ಹೋದ ತಿಂಗಳು ಒಂದು ಭಾನುವಾರ ರಜೆ ಸಿಕ್ಕಿತು. "ಅವ್ವ, ಗದ್ದಿಗೆ ನೋಡಿ ಬರೋಣ. ರಾಜರ ಸಮಾಧಿ ಇದೆ, ದೂರ ಏನಿಲ್ಲ," ಎಂದು ಕರೆದೆ.

ಅವಳು ಒಲೆಯ ಮುಂದೆ ಕೂತಿದ್ದಳು. ತಿರುಗಲಿಲ್ಲ.

"ನೀನ್ ಹೋಗ್ ಬಾ ಮಗ. ಮುಟ್ಟಬಾರ್ದು ಅಂತ ಅಲ್ಲೂ ಬರ್ದಿರ್ತಾರೆ. ನಂಗೆ ಓದಾಕೆ ಬರಲ್ಲ."