ಬೇಗ ಬಂದವಳ ಪಾಲಿನ ಹಾಲು

ಹಾಲಿನ ವಿಷಯದಲ್ಲಿ ಅವಳ ಕಣ್ಣಿಗೆ ಮಣ್ಣೆರಚಿದವರೇ ಇಲ್ಲ. ಡೇರಿಯಲ್ಲಿ ಹನ್ನೊಂದು ವರ್ಷದಿಂದ ಹಾಲು ಪರೀಕ್ಷೆ ಮಾಡುವ ಕೆಲಸ. ಎಲ್ಲರ ಬಾಯಲ್ಲೂ ಅವಳು ಟೆಸ್ಟರಮ್ಮ. ನೀರು ಬೆರೆಸಿದವರು ಎಷ್ಟೇ ಬಣ್ಣದ ಮಾತಾಡಲಿ, ಕ್ಯಾನು ವಾಪಸ್ಸು. ಈಗಷ್ಟೇ ಕರು ಹಾಕಿದ ಹಸುವಿನ ಹಳದಿ ಹಾಲನ್ನಂತೂ ಹತ್ತಿರಕ್ಕೇ ಸೇರಿಸುವವಳಲ್ಲ. ಕಾಯಿಸಿದರೆ ಒಡೆಯುವ ಹಾಲು ಅದು.

ಅಂಥವಳು ಎಂಟು ವಾರ ಮೊದಲೇ ಹೆತ್ತಳು. ಒಂದೂವರೆ ಕೇಜಿಯ ಮಗಳು, ಆಸ್ಪತ್ರೆಯ ಗಾಜಿನ ಪೆಟ್ಟಿಗೆಯೊಳಗೆ, ಹಾಲುಣಿಸಲು ಮೂಗಿನಿಂದ ಹೊಟ್ಟೆಗೆ ಕೊಳವೆ. ಎರಡನೆಯ ದಿನ ನರ್ಸಮ್ಮ ಪುಟ್ಟ ಬಾಟಲಿ ಕೈಗಿತ್ತು, ಎದೆಹಾಲು ಹಿಂಡಿ ತನ್ನಿ ಎಂದರು. ಪರದೆಯ ಹಿಂದೆ ಅರ್ಧ ಗಂಟೆ ಒದ್ದಾಡಿದ ಮೇಲೆ ಬಂದದ್ದು ಒಂದು ಚಮಚದಷ್ಟೂ ಇಲ್ಲ. ಅದೂ ಹಳದಿ, ಅಂಟಂಟು. ಬೆಳಕಿಗೆ ಹಿಡಿದು ನೋಡಿದಳು. ಹನ್ನೊಂದು ವರ್ಷದ ಅಭ್ಯಾಸ ಎಲ್ಲಿಗೆ ಹೋಗುತ್ತದೆ? ಸೀದಾ ಬೇಸಿನ್ನಿಗೆ ಸುರಿದು ನಲ್ಲಿ ಬಿಟ್ಟಳು.

ಅವಳ ವಾರಗಿತ್ತಿಗೆ ದಿನ ತುಂಬಿ ಹೆರಿಗೆಯಾಗಿ ತಿಂಗಳಾಗಿತ್ತು. ಹಾಲೋ ಹಾಲು. ಅವಳು ಕಳಿಸಿದ ಬೆಳ್ಳನೆಯ ತುಂಬು ಬಾಟಲಿಯನ್ನು ಟೆಸ್ಟರಮ್ಮ ನರ್ಸಮ್ಮನ ಮುಂದಿಟ್ಟಳು.

"ಯಾರದ್ದು ಇದು?"

"ನನ್ನ ವಾರಗಿತ್ತೀದು. ಒಳ್ಳೆ ಹಾಲು. ನಂದು ಸರಿಯಿರಲಿಲ್ಲ, ಚೆಲ್ಲಿಬಿಟ್ಟೆ."

ನರ್ಸಮ್ಮ ಪೆನ್ನು ಕೆಳಗಿಟ್ಟರು. ಬೈಯಲಿಲ್ಲ, ಬೈದಿದ್ದರೇ ವಾಸಿಯಿತ್ತು.

"ಬೇರೆಯವರ ಹಾಲನ್ನ ಪರೀಕ್ಷೆ ಮಾಡದೆ ಕೊಡೋ ಹಾಗಿಲ್ಲ. ಅದೂ ಅಲ್ಲದೆ, ಬೇಗ ಹೆತ್ತವರ ಹಾಲೇ ಬೇರೆ ಥರ ಇರುತ್ತೆ. ಮೊದಲ ವಾರಗಳಲ್ಲಿ ಅದರಲ್ಲಿ ಪ್ರೋಟೀನು ಜಾಸ್ತಿ, ಉಪ್ಪಿನಂಶ ಜಾಸ್ತಿ, ಸೋಂಕು ತಡೆಯೋ ಶಕ್ತೀನೂ ಜಾಸ್ತಿ. ನಿಮ್ಮ ಮಗಳಿಗೆ ಈಗ ಬೇಕಾಗಿರೋದೇ ಅದು."

ಟೆಸ್ಟರಮ್ಮನಿಗೆ ತಲೆಬುಡ ಅರ್ಥವಾಗಲಿಲ್ಲ. ದಿನ ತುಂಬುವ ತನಕ ಮಗುವನ್ನು ಹಿಡಿದಿಟ್ಟುಕೊಳ್ಳಲಾಗದ ಮೈ ಇದು. ಮಗು ಬೇಗ ಬಂತೆಂದು ಅದಕ್ಕೆ ಹೇಳಿದವರು ಯಾರು? ಇಷ್ಟಿಷ್ಟು ಬೆರೆಸು ಎಂದು ಕಲಿಸಿದವರು ಯಾರು?

"ಮೈಗೆ ಅದು ಹೇಗೆ ಗೊತ್ತಾಗುತ್ತೆ?" ಎಂದು ಕೇಳಿಯೇಬಿಟ್ಟಳು.

"ಪೂರ್ತಿಯಾಗಿ ನಮಗೂ ಗೊತ್ತಿಲ್ಲಮ್ಮ. ಹೋಗಿ, ಇನ್ನೊಂದು ಸಲ ಪ್ರಯತ್ನ ಮಾಡಿ. ನಾಲ್ಕು ಹನಿ ಬಂದರೂ ತನ್ನಿ."

ಮತ್ತೆ ಪರದೆ, ಮತ್ತೆ ಒದ್ದಾಟ. ಒಂದು ಹನಿಯೂ ಇಲ್ಲ. ಮಗಳ ಹೊಟ್ಟೆಗೆ ಹೋಗಬೇಕಾದ್ದನ್ನು ಮೋರಿಗೆ ಬಿಟ್ಟೆನಲ್ಲ ಎಂದು ತನ್ನನ್ನೇ ಬೈದುಕೊಂಡಳು. ಇನ್ನು ಬರುವುದೇ ಇಲ್ಲವೇನೋ ಎಂದುಕೊಳ್ಳುವಷ್ಟರಲ್ಲಿ ಬಾಟಲಿಯ ತಳ ಒದ್ದೆಯಾಯಿತು. ಅಷ್ಟೆ. ನರ್ಸಮ್ಮ ಅದನ್ನೇ ಜೋಪಾನವಾಗಿ ಸಿರಿಂಜಿಗೆ ಹಾಕಿ, ಮಗುವಿನ ಕೊಳವೆಗೆ ಸಿಕ್ಕಿಸಿ, ಅವಳ ಕೈಗೇ ಕೊಟ್ಟರು.

"ಒತ್ತಬೇಡಿ. ಸ್ವಲ್ಪ ಎತ್ತರಕ್ಕೆ ಹಿಡೀರಿ, ತಾನೇ ಇಳಿಯುತ್ತೆ."

ಹಳದಿ ಗೆರೆ ಇಷ್ಟಿಷ್ಟೇ ಇಳಿಯತೊಡಗಿತು. ತನ್ನ ಹಾಲು ಸರಿಯೋ ತಪ್ಪೋ, ಅವಳಿಗೆ ಈಗಲೂ ಗೊತ್ತಾಗಲಿಲ್ಲ. ಬಾಗಿಲ ಗಾಜಿನಾಚೆ ನಿಂತ ಗಂಡ ಏನಾಯ್ತು, ಏನಾಯ್ತು ಎಂದು ಕೈಸನ್ನೆ ಮಾಡುತ್ತಲೇ ಇದ್ದ.

"ಸ್ವಲ್ಪ ಸುಮ್ನಿರಿ," ಎಂದಳು, ಅವನಿಗೆ ಕೇಳಿಸದಿದ್ದರೂ. "ಮಗು ಊಟ ಮಾಡ್ತಿದೆ."