ಎರಡು ಸಾಲಿನ ಕೆಲಸಕ್ಕೆ ಅರ್ಧ ತಾಸಿನ ವೇಷ

ಸಿರುಗುಪ್ಪದ ಅಕ್ಕಿ ಗಿರಣಿಯೊಂದರ ಅಂಗಳ. ಸೂರ್ಯ ಇನ್ನೂ ಮೂಡಿಲ್ಲ. ಅಕ್ಕಿ ಮೂಟೆ ಹೇರಿಕೊಂಡ ಲಾರಿಗಳು ಗೇಟಿನವರೆಗೂ ಸಾಲುಗಟ್ಟಿ ನಿಂತಿವೆ. ಆಫೀಸಿನ ಕಂಪ್ಯೂಟರಿನಲ್ಲಿ ಇಂಟರ್ನೆಟ್ ಕೈಕೊಟ್ಟಿದೆ. ಬಿಲ್ ಆಗದೆ ಒಂದು ಚಕ್ರವೂ ಉರುಳುವಂತಿಲ್ಲ. ಬೀಡಿ ಸೇದುತ್ತಿರುವ ಚಾಲಕರು ಕಣ್ಣಿಗೆ ಕಾಣದ ಇಂಟರ್ನೆಟ್ಟಿನ ವಂಶವನ್ನೆಲ್ಲ ಕನ್ನಡ, ತೆಲುಗು ಬೆರೆಸಿ ಬೈಯುತ್ತಿದ್ದಾರೆ. ಅಷ್ಟರಲ್ಲಿ ಹಳೆಯ ಬೈಕೊಂದು ಬಂದು ನಿಲ್ಲುತ್ತದೆ.

ಇಳಿದವರು ಬಳ್ಳಾರಿ ಕೌಲ್ ಬಜಾರಿನ ಸುಂಕಣ್ಣ. ಕುರ್ಚಿಯ ತುದಿಗೆ ಕುಳಿತು ಕಂಪ್ಯೂಟರಿನಲ್ಲಿ ಕಪ್ಪು ಕಿಟಕಿಯೊಂದನ್ನು ತೆರೆಯುತ್ತಾರೆ. ಅದರಲ್ಲಿ ಚಿತ್ರವಿಲ್ಲ, ಬಣ್ಣವಿಲ್ಲ, ಮಿನುಗುವ ಗೆರೆಯೊಂದು ಮಾತ್ರ. ಅಲ್ಲಿ ಒಂದು ಸಾಲು ಟೈಪಿಸಿ ಕೀಲಿ ಒತ್ತುತ್ತಾರೆ, ಆಮೇಲೆ ಇನ್ನೊಂದು. ಇಂಟರ್ನೆಟ್ ಬರುತ್ತದೆ. ಹೊರಗೆ ಮೊದಲ ಲಾರಿ ಗುಡುಗುತ್ತದೆ.

“ಇಷ್ಟೇನೋ ಮಾರಾಯಾ?” ಎಂದು ಗುಮಾಸ್ತ ಕರಿಬಸವ ನಗುತ್ತಾರೆ.

“ಇಷ್ಟೇ ರೀ,” ಎನ್ನುವ ಸುಂಕಣ್ಣನ ಕಿವಿ ಕೆಂಪಾಗುತ್ತದೆ.

ಕೆಲಸ ನಿಜಕ್ಕೂ ಇಷ್ಟೇ. “ಮನಿಗೆ ನಂಬರ್ ಇದ್ದಂಗ ಕಂಪ್ಯೂಟರಿಗೂ ಒಂದು ನಂಬರ್ ಇರತೈತ್ರಿ. ಒಮ್ಮೊಮ್ಮೆ ಹಳೇದನ್ನ ಹಿಡಕೊಂಡು ಕುಂತಬಿಡತೈತಿ. ಮೊದಲನೇ ಸಾಲು, ಅದನ್ನ ಬಿಡಪಾ ಅಂತ. ಎರಡನೇದು, ಹೊಸಾದು ಇಸಗೋ ಅಂತ. ವೈರು ಹರಿದಿದ್ರ ಬ್ಯಾರೆ ಮಾತು,” ಎಂದು ಸುಂಕಣ್ಣ ಬಿಡಿಸಿ ಹೇಳುತ್ತಾರೆ. ದಿನಕ್ಕೆ ಏಳೆಂಟು ಕರೆ ಬರುತ್ತವೆ; ಅರ್ಧಕ್ಕಿಂತ ಹೆಚ್ಚು ಈ ಎರಡು ಸಾಲಿಗೇ ಮಣಿಯುತ್ತವೆ.

ಮೊದಲು ಕೇಬಲ್ ಟೀವಿಯ ತಂತಿ ಎಳೆಯುತ್ತಿದ್ದ ಸುಂಕಣ್ಣ ಕಂಬ ಹತ್ತಿದಾಗಲೆಲ್ಲ ಜನ ಕತ್ತೆತ್ತಿ ನೋಡುತ್ತಿದ್ದರು. ಕಂಪ್ಯೂಟರಿನ ಮುಂದೆ ಕುಳಿತ ಮೇಲೆ ಆ ಮರ್ಯಾದೆ ಹೋಯಿತು. ಪಾರ್ವತಿನಗರದ ಔಷಧಿ ಅಂಗಡಿಯ ಮಾಲೀಕರೊಬ್ಬರು ಎಲ್ಲರೆದುರೇ, “ಎರಡು ಸಾಲು ಬರಿಯಾಕ ಇವನ್ನ ಯಾಕ ಕರಿಸಿದ್ರಿ?” ಎಂದುಬಿಟ್ಟರು. ಮತ್ತೆ ಕರೆಯಲಿಲ್ಲ.

ಅಂದಿನಿಂದ ಸುಂಕಣ್ಣ ವೇಷ ಕಟ್ಟಿದರು. ಹೋದಕೂಡಲೇ ಮೇಜಿನಡಿ ತೂರುವುದು, ಇಂಟರ್ನೆಟ್ಟಿನ ಡಬ್ಬಿ ಬಿಚ್ಚುವುದು, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ವೈರುಗಳನ್ನು ಒಂದೊಂದಾಗಿ ಜಗ್ಗಿ ನೋಡುವುದು, ಹಣೆ ಒರೆಸಿಕೊಂಡು ನಿಟ್ಟುಸಿರು ಬಿಡುವುದು. ಅರ್ಧ ತಾಸಿನ ಮೇಲೆ, ಯಾರೂ ನೋಡದಾಗ, ಆ ಎರಡು ಸಾಲು. ಚಹಾ ಬರತೊಡಗಿತು, ಕರೆಗಳೂ ಹೆಚ್ಚಿದವು. “ಮೈತುಂಬ ಧೂಳು ಹೊತ್ಕೊಂಡು ಬರ್ತಿದ್ದ. ಪಾಪ, ಎಷ್ಟು ದುಡಿತಾನಂತ ನಾನೂ ನಂಬಿದ್ನಿ ನೋಡ್ರಿ,” ಎಂದು ಹೆಂಡತಿ ಹೊನ್ನೂರಮ್ಮ ಈಗಲೂ ಮುಖಕ್ಕೆ ಹೊಡೆದಂತೆ ಹೇಳುತ್ತಾರೆ.

ಹೋದ ವರ್ಷ ಹಳ್ಳಿಯೊಂದರ ಸೇವಾ ಕೇಂದ್ರದಲ್ಲಿ ಇಂಟರ್ನೆಟ್ ನಿಂತಿತ್ತು. ಸುಂಕಣ್ಣ ಹೋದವರೇ ಎಂದಿನಂತೆ ಮೇಜಿನಡಿ ತೂರಿದರು. “ತಡ ಆಗತೈತೇನ್ರಿ?” ಎಂದು ಆಪರೇಟರ್ ಕೇಳಿದ್ದಕ್ಕೆ, “ದೊಡ್ಡ ರಿಪೇರಿ ಐತಪಾ,” ಎಂದು ಗತ್ತಿನಿಂದ ಹೇಳಿದರು. ಕೇಂದ್ರದ ತುಂಬ ಊರಿನ ಜನ. ಮೂಲೆಯಲ್ಲಿ ವಯಸ್ಸಾದ ಹೆಣ್ಣುಮಗಳೊಬ್ಬರು ತಲೆಯ ಮೇಲೆ ಸೆರಗು ಹೊದ್ದು, ತುಟಿಪಿಟಕ್ಕೆನ್ನದೆ ಕುಳಿತಿದ್ದರು.

ಕೊನೆಗೆ ಇಂಟರ್ನೆಟ್ ಬಂತು. ಆಪರೇಟರ್ ಪರದೆ ನೋಡಿ ಆ ತಾಯಿಯ ಕಡೆ ತಿರುಗಿ ಇಲ್ಲ ಎಂಬಂತೆ ತಲೆಯಾಡಿಸಿದ. ಆಕೆ ಎದ್ದು ಬಂದು ಸುಂಕಣ್ಣನ ತೋಳು ಮುಟ್ಟಿ, “ನೀ ಏನ್ ಮಾಡ್ತಿಯಪಾ, ಇಷ್ಟು ಬೆವರಿಳಿಸಿ ದುಡದಿ. ನನ್ನ ಹಣೇಬರಾನ ಹಿಂಗ ಐತಿ,” ಎಂದು ಹೇಳಿ ಹೊರಟುಹೋದರು. ಆಮೇಲೆ ಆಪರೇಟರ್ ಕಿವಿಯಲ್ಲಿ ಹೇಳಿದ: ಆಕೆಯ ಮಗ ದೂರದ ಊರಿನ ಜೈಲಿನಲ್ಲಿದ್ದಾನೆ, ಊರವರಿಗೆ ಅದು ಗೊತ್ತಿಲ್ಲ. ವಿಡಿಯೊದಲ್ಲಿ ಅವನ ಮುಖ ನೋಡಲು ಆವತ್ತು ಗೊತ್ತುಮಾಡಿದ್ದ ಸಮಯ ಸುಂಕಣ್ಣ ಮೇಜಿನಡಿ ಇದ್ದಾಗಲೇ ಮುಗಿದುಹೋಗಿದೆ. ಬೇಗ ಮಾಡಪ್ಪ ಎಂದಿದ್ದರೆ, ಯಾಕವ್ವ ಅವಸರ ಎಂದು ಯಾರಾದರೂ ಕೇಳುತ್ತಿದ್ದರು. ಅದಕ್ಕೇ ಆಕೆ ಬಾಯಿ ಬಿಡಲಿಲ್ಲ.

“ಭೂಮಿ ಬಾಯ್ಬಿಟ್ಟು ನುಂಗಬಾರದಾ ಅನಸ್ತ್ರಿ,” ಎನ್ನುತ್ತಾರೆ ಸುಂಕಣ್ಣ. “ನಾಟಕದಾಗ ಬಂದ ಬೆವರು ರೀ ಅದು. ಅದನ್ನ ನೋಡಿ ಆ ತಾಯಿ ನನಗ ಮರುಗಿದ್ಲು.”

ಅಂದಿನಿಂದ ಡಬ್ಬಿ ಬಿಚ್ಚುವುದು ನಿಂತಿದೆ. ಮೊದಲು ಆ ಎರಡು ಸಾಲು, ಮಿಕ್ಕದ್ದು ಆಮೇಲೆ. ಕರೆಗಳು ಕಡಿಮೆಯಾಗಿವೆ, ಇಷ್ಟೇನಾ ಎನ್ನುವವರು ಹೆಚ್ಚಿದ್ದಾರೆ. ಆ ಮಾತು ಇಂದಿಗೂ ಚುಚ್ಚುತ್ತದೆ, ಚುಚ್ಚಿಸಿಕೊಂಡು ಬರುತ್ತಾರೆ.

ಆ ತಾಯಿ ಕೇಂದ್ರದಲ್ಲಿ ಆಗಾಗ ಸಿಗುತ್ತಾರೆ, “ಆರಾಮ ಅದಿಯೇನಪಾ?” ಎಂದು ತಾವಾಗಿಯೇ ವಿಚಾರಿಸುತ್ತಾರೆ. ಪ್ರತಿ ಸಲವೂ ಸುಂಕಣ್ಣ ತಪ್ಪೊಪ್ಪಿಕೊಳ್ಳದೆ, ಆರಾಮ ಎಂದಷ್ಟೇ ಹೇಳಿ ಬರುತ್ತಾರೆ. “ಎದುರಿಗೆ ನಿಂತು ತಪ್ಪಾತವ್ವಾ ಅಂದ್ರ, ಆಕಿ ಮಗ ಎಲ್ಲಿ ಅದಾನಂತ ನನಗ ಗೊತ್ತೈತಿ ಅಂದಂಗ ಆಗತೈತ್ರಿ. ನಾನು ಹಗುರಾಗಾಕ ಆಕಿ ಮಾನ ಕಳೀಲೇನು?”

ಹೀಗೆ ಕಾಣದೆ ದುಡಿಯುವವರನ್ನು ಮಾತನಾಡಿಸಿದರೆ ಸಾಮಾನ್ಯವಾಗಿ, ನಮ್ಮ ಹೆಸರು ಯಾಕ್ರಿ ಪೇಪರಿಗೆ ಎಂದು ನಾಚುತ್ತಾರೆ. ಸುಂಕಣ್ಣ ಬೈಕಿನ ಕಿಕ್ ಮೇಲೆ ಕಾಲಿಟ್ಟವರು ತಿರುಗಿ ನಿಲ್ಲುತ್ತಾರೆ. ಕೇಳುವುದು ಒಂದೇ.

“ಆಕಿ ಹೆಸರು, ಊರು ಏನೂ ಬರೀಬ್ಯಾಡ್ರಿ. ನಂದು ಮಾತ್ರ ಸರಿಯಾಗಿ ಬರೀರಿ. ಯಾರರ ಓದಿ ಹೇಳಿದ್ರ, ಕೆಟ್ಟದ್ದು ತನ್ನ ಹಣೇಬರ ಅಲ್ಲ, ಈ ಸುಂಕಣ್ಣ ಅಂತ ಆಕಿಗೆ ಗೊತ್ತಾಗಲಿ.”