ಸರ್ವರಮ್ಮ ಮತ್ತು ನಿಂತುಹೋದ ಡೈರಿ

ಡೈರಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಗೇಟಿನ ಕಾವಲುಗಾರನಿಂದ ಮ್ಯಾನೇಜರ್‌ವರೆಗೆ ಎಲ್ಲರ ಬಾಯಲ್ಲೂ ಅವಳು ಸರ್ವರಮ್ಮ. ಕೆಲಸಕ್ಕೆ ಸೇರಿದ್ದು ಬಿಲ್ ಬರೆಯುವುದಕ್ಕೆ. ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದಾತ ಒಂದು ದಿನ ಬೇರೆ ಕಡೆ ಕೆಲಸ ಸಿಕ್ಕಿತೆಂದು ಬೀಗದಕೈ ಗೊಂಚಲನ್ನು ಇವಳ ಮೇಜಿನ ಮೇಲಿಟ್ಟು ಹೊರಟುಹೋದ. "ಸದ್ಯಕ್ಕೆ ನೀವೇ ನೋಡ್ಕೊಳ್ಳಿ" ಎಂದರು ಮ್ಯಾನೇಜರ್. ಆ ಸದ್ಯಕ್ಕೆ ಎನ್ನುವುದು ವರ್ಷಗಟ್ಟಲೆ ಎಳೆದುಕೊಂಡು ಹೋಯಿತು. ಮನೆಯಲ್ಲಿ ಒಲೆಯ ಪಕ್ಕ ಫೋನ್ ಒರಗಿಸಿಟ್ಟು ಪಾಠದ ವೀಡಿಯೊ ನೋಡುತ್ತ, ಡೈರಿಯಲ್ಲಿ ಕೆಡಿಸುತ್ತ, ಸರಿಮಾಡುತ್ತ ಅವಳು ಕೆಲಸ ಕಲಿತಳು. ಸಾರು ಸೀದು ಹೋದಾಗಲೆಲ್ಲ ಗಂಡ "ಇವತ್ತು ಯಾವ ಪಾಠ?" ಎಂದು ಕೇಳುತ್ತಿದ್ದ.

ತಮ್ಮನಿಗೆ ಹಾಲಿನ ಟ್ಯಾಂಕರ್ ಓಡಿಸುವ ಕೆಲಸ ಕೊಡಿಸಿದ್ದೂ ಅವಳೇ. ಬೆಳಗಾಗುವ ಹೊತ್ತಿಗೆ ಹಳ್ಳಿಗಳನ್ನು ಸುತ್ತಿ ಹಾಲು ತುಂಬಿಸಿಕೊಂಡು ಬಂದು, ಗೇಟಿನಿಂದಲೇ ಅವಳಿಗೆ ಫೋನ್ ಮಾಡುವುದು ಅವನ ವಾಡಿಕೆ. "ಅಕ್ಕಾ, ನಿನ್ನ ಡಬ್ಬಾ ಎದ್ದಿದೆಯಾ?" ಎನ್ನುವನು. "ನಿನ್ ಡಬ್ಬಾಗಿಂತ ಮೊದ್ಲೇ ಎದ್ದಿದೆ" ಎನ್ನುವಳು ಅವಳು.

ನೆಲಮಾಳಿಗೆಯ ಕೋಣೆಯಲ್ಲಿದ್ದದ್ದು ಒಂದೇ ದೊಡ್ಡ ಸರ್ವರ್. ಆದರೆ ಒಂದು ಮನೆಯೊಳಗೆ ಗೋಡೆ ಎಬ್ಬಿಸಿ ವಠಾರ ಮಾಡಿದ ಹಾಗೆ ಅದರೊಳಗೆ ಹಲವು ವರ್ಚುವಲ್ ಯಂತ್ರಗಳಿದ್ದವು. ಗೇಟಿನ ತೂಕ ಬರೆದುಕೊಳ್ಳುವುದು ಒಂದು, ಲ್ಯಾಬಿನ ಫಲಿತಾಂಶ ಇಟ್ಟುಕೊಳ್ಳುವುದು ಇನ್ನೊಂದು, ದೊಡ್ಡ ಟ್ಯಾಂಕುಗಳ ತಂಪು ಕಾಯುವುದು ಮತ್ತೊಂದು. ಯಾವುದಕ್ಕೆ ಎಷ್ಟು ಮೆಮೊರಿ ಎಂದು ಹಂಚಿ, ಅವನ್ನೆಲ್ಲ ಏಳಿಸಿ ಮಲಗಿಸುವುದು ಒಂದು ನಿರ್ವಹಣಾ ಸಾಫ್ಟ್‌ವೇರ್‌ನ ಕೆಲಸ. ಹಳೆಯ ಆವೃತ್ತಿಗೆ ಇನ್ನು ಮುಂದೆ ನೆರವು ಸಿಗುವುದಿಲ್ಲ ಎಂದು ಆ ಸಾಫ್ಟ್‌ವೇರ್ ಮಾಡಿದವರು ಪದೇಪದೇ ತಿಳಿಸಿದ್ದರಿಂದ, ರಜೆಯ ದಿನ ಮಧ್ಯಾಹ್ನ ಅವಳು ಒಬ್ಬಳೇ ಕೂತು ಹೊಸದಕ್ಕೆ ಏರಿಸಿದಳು. ಎಲ್ಲ ಸಾಲುಗಳ ಮುಂದೆಯೂ ಹಸಿರು ಗುರುತು ಬಂತು. ಎದೆಯ ಮೇಲಿನ ಭಾರ ಇಳಿಯಿತೆಂದುಕೊಂಡು ಮನೆಗೆ ಹೋಗಿ ಹಾಯಾಗಿ ಮಲಗಿದಳು.

ಮರುದಿನ ಬೆಳಿಗ್ಗೆ ಚೀಲ ಕೆಳಗಿಡುವಷ್ಟರಲ್ಲಿ ಪರದೆಯ ಮೇಲೆ ಕೆಂಪು ಪಟ್ಟಿ: ಮೆಮೊರಿ ಸಾಲದು. ನಿರ್ವಹಣೆಯ ಪುಟ ತೆರೆದುಕೊಳ್ಳುತ್ತಿತ್ತು, ಸ್ವಲ್ಪ ಹೊತ್ತಿಗೆ ಮುಚ್ಚಿಕೊಳ್ಳುತ್ತಿತ್ತು. ಸರ್ವರಿನ ಒಟ್ಟು ಲೆಕ್ಕ ನೋಡಿದರೆ ಅರ್ಧದಷ್ಟು ಮೆಮೊರಿ ಖಾಲಿ ಬಿದ್ದಿತ್ತು. ಅಷ್ಟಿದ್ದೂ ಸಾಲದು ಎಂದರೆ ಏನರ್ಥ? ಸದ್ಯ, ಒಳಗಿನ ಯಂತ್ರಗಳು ಮಾತ್ರ ನಡೆಯುತ್ತಲೇ ಇದ್ದವು.

ಯಾವುದೋ ಒಂದು ಯಂತ್ರ ಹೆಚ್ಚು ತಿನ್ನುತ್ತಿರಬೇಕು ಎಂದುಕೊಂಡಳು. ಎಲ್ಲಕ್ಕಿಂತ ದೊಡ್ಡ ಪಾಲು ಲ್ಯಾಬಿನದು. ಪುಟ ತೆರೆದಿದ್ದ ಅಷ್ಟೇ ಹೊತ್ತಿನಲ್ಲಿ ಅದರ ಪಾಲನ್ನು ಕಡಿಮೆ ಮಾಡಿದಳು. ಲ್ಯಾಬಿನ ಯಂತ್ರ ಉಸಿರುಗಟ್ಟಿದಂತೆ ತಡವರಿಸಿ ನಿಂತೇ ಹೋಯಿತು. ಗಾಬರಿಯಿಂದ ಮತ್ತೆ ಏಳಿಸಲು ಹೋದರೆ ಅದೇ ಉತ್ತರ: ಮೆಮೊರಿ ಸಾಲದು.

ಲ್ಯಾಬಿನವಳು ಮೆಟ್ಟಿಲಿಳಿದು ಓಡಿ ಬಂದಳು. "ನನ್ನ ಪರದೆ ಕಪ್ಪಾಯ್ತಲ್ಲ! ಫಲಿತಾಂಶ ಹಾಕದೆ ಟ್ಯಾಂಕಿನ ವಾಲ್ವ್ ತೆರೆಯೋದಿಲ್ಲ, ಗೊತ್ತಲ್ವಾ ನಿಮಗೆ?"

ಗೊತ್ತಿತ್ತು. ಕಲಬೆರಕೆ ಒಳಗೆ ಹೋಗಬಾರದೆಂದು ಹಾಗೆ ಜೋಡಿಸಿದ್ದರು. ಪರೀಕ್ಷೆ ಪಾಸಾಗದೆ ಒಂದು ಹನಿ ಹಾಲೂ ಒಳಗೆ ಹರಿಯುವಂತಿರಲಿಲ್ಲ.

ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. "ಅಕ್ಕಾ, ಏನಾಯ್ತೇ? ಲಾರಿಗಳು ಸಾಲಾಗಿ ನಿಂತುಬಿಟ್ಟಿವೆ."

"ಇನ್ನೇನು ಆಯ್ತು ಕಣೋ. ಸ್ವಲ್ಪ ತಡಿ."

"ನನ್ನದು ತಂಪಿನ ಟ್ಯಾಂಕರ್ ಅಲ್ಲ. ಬಿಸಿಲು ಏರ್ತಿದೆ. ಆಗೋದಿಲ್ಲ ಅಂದ್ರೆ ಈಗಲೇ ಹೇಳು, ಹಿಂದಿನ ಊರಿನ ಶೀತಲ ಕೇಂದ್ರಕ್ಕೆ ತಿರುಗಿಸಿಬಿಡ್ತೀನಿ."

"ಬೇಡ ಬೇಡ. ಆಯ್ತು ಅಂದ್ನಲ್ಲ."

ಆಗಿರಲಿಲ್ಲ. ಆದರೆ ಆಗದು ಎಂದು ಬಾಯಿಬಿಟ್ಟು ಹೇಳಿದರೆ ನಿಜವಾಗಿಯೂ ಆಗದೇ ಹೋದೀತು ಎಂಬಂಥ ಒಂದು ಹುಚ್ಚು ಭಯ ಅವಳನ್ನು ಹಿಡಿದಿತ್ತು.

ಸಾಫ್ಟ್‌ವೇರ್ ಮಾಡಿದವರ ಸಹಾಯವಾಣಿಗೆ ಫೋನ್ ಹಚ್ಚಿದಳು. ಬಹಳ ಹೊತ್ತು ಸಂಗೀತ ಕೇಳಿಸಿ ಆಮೇಲೆ ಒಂದು ತಣ್ಣನೆಯ ದನಿ ಬಂತು. "ಸರ್ವರ್ ಪೂರ್ತಿ ಆಫ್ ಮಾಡಿ ಆನ್ ಮಾಡಿ ಮೇಡಂ."

"ಆಫ್ ಮಾಡಿದ್ರೆ ಟ್ಯಾಂಕಿನ ತಂಪು ನೋಡ್ಕೊಳ್ಳೋ ಯಂತ್ರಾನೂ ನಿಲ್ಲುತ್ತೆ. ಅದು ಈಗ ಸರಿಯಾಗಿ ನಡೀತಿದೆ."

"ಆನ್ ಆದ ಮೇಲೆ ಎಲ್ಲ ತಾನಾಗೇ ಏಳುತ್ತೆ ಮೇಡಂ."

ಅವಳು ಮ್ಯಾನೇಜರ್ ಕೋಣೆಗೆ ಹೋದಳು. ಡೈರಿಯವರು ಅವರಿಗೆ ಇಟ್ಟಿದ್ದ ಅಡ್ಡಹೆಸರು ಕೆನೆ ಸಾಹೇಬರು. ಯಾವ ಕೆಲಸದಲ್ಲಾದರೂ ಮೇಲೆ ತೇಲಿದ್ದನ್ನು ಮಾತ್ರ ತಾವು ತೆಗೆದುಕೊಳ್ಳುತ್ತಾರೆ ಎಂದು. ಎರಡು ಕಿವಿಗೂ ಎರಡು ಫೋನ್ ಹಿಡಿದಿದ್ದ ಅವರು, ಇವಳು ಹೇಳಿದ್ದನ್ನು ಅರ್ಧಂಬರ್ಧ ಕೇಳಿಸಿಕೊಂಡರು.

"ಏನಾದ್ರೂ ಮಾಡಿ ಶುರು ಮಾಡಿಸಮ್ಮ."

"ಆಫ್ ಮಾಡ್ಲಾ ಸರ್? ಟ್ಯಾಂಕಲ್ಲಿ ನಿನ್ನೆಯ ಹಾಲಿದೆ."

"ಅದೆಲ್ಲ ನನ್ನ ಕೇಳ್ಬೇಡಿ. ನಿಮ್ಮ ಕೆಲಸ, ನಿಮ್ಮ ಜವಾಬ್ದಾರಿ."

ಕೆಳಗಿಳಿದು ಬಂದಳು. ಕೋಣೆಯಲ್ಲಿ ಫ್ಯಾನುಗಳ ಏಕತಾನದ ಸದ್ದು ಬಿಟ್ಟರೆ ಬೇರೇನಿಲ್ಲ. ಗುಂಡಿಯ ಮೇಲೆ ಬೆರಳಿಟ್ಟು ಸುಮಾರು ಹೊತ್ತು ಹಾಗೇ ನಿಂತಳು. ಯಾರಾದರೂ ಬಂದು ಬೇಡ ಎಂದಾರೇನೋ ಎಂದು ಬಾಗಿಲ ಕಡೆ ನೋಡಿದಳು. ಯಾರೂ ಬರಲಿಲ್ಲ. ಒತ್ತಿದಳು.

ಸರ್ವರ್ ಎದ್ದಿತು. ಒಳಗಿನ ಯಂತ್ರಗಳು ಮಾತ್ರ ಏಳಲಿಲ್ಲ. ಅವನ್ನು ಏಳಿಸಬೇಕಾದ ಸಾಫ್ಟ್‌ವೇರ್ ತಾನೇ ಎದ್ದು, ಮೆಮೊರಿ ಸಾಲದು ಎಂದು ಬಿದ್ದು, ಮತ್ತೆ ಎದ್ದು, ಮತ್ತೆ ಬೀಳುತ್ತಿತ್ತು. ತೂಕ, ಲ್ಯಾಬ್, ಬಿಲ್, ತಂಪು, ಎಲ್ಲವೂ ಒಟ್ಟಿಗೆ ಸತ್ತು ಮಲಗಿದ್ದವು. ಮೇಲೆ ಟ್ಯಾಂಕುಗಳ ಹತ್ತಿರ ಸದಾ ಗುಂಯ್‌ಗುಡುತ್ತಿದ್ದ ಕಂಪ್ರೆಸರ್ ನಿಂತದ್ದು ಅವಳಿಗೆ ಕೆಳಗಿನಿಂದಲೇ ಗೊತ್ತಾಯಿತು. ಅಷ್ಟು ವರ್ಷಗಳಲ್ಲಿ ಆ ಕಟ್ಟಡ ಅಷ್ಟು ಸುಮ್ಮನಿದ್ದದ್ದನ್ನು ಅವಳು ಕೇಳಿರಲಿಲ್ಲ.

ಮುಂದಿನದೆಲ್ಲ ಅವಳಿಗೆ ಸರಿಯಾಗಿ ನೆನಪಿಲ್ಲ. ಕೈಗೆ ಸಿಕ್ಕ ಆಜ್ಞೆಗಳನ್ನೆಲ್ಲ ಟೈಪ್ ಮಾಡಿದಳು. ಹಳೆಯ ಆವೃತ್ತಿಗೆ ಹಿಂದಿರುಗಲು ನೋಡಿದಳು, ಅದೂ ಅರ್ಧಕ್ಕೆ ನಿಂತಿತು. ತಮ್ಮ ಮತ್ತೆ ಫೋನ್ ಮಾಡಿದ. "ಇನ್ನೇನು ಆಯ್ತು" ಎಂದಳು. ಮತ್ತೊಮ್ಮೆ ಮಾಡಿದ. ಮತ್ತದೇ ಮಾತು. ಆಮೇಲೆ ಫೋನನ್ನು ಮಗುಚಿಟ್ಟಳು. ಮಹಿಳೆಯರ ಶೌಚಾಲಯಕ್ಕೆ ಹೋಗಿ ನಲ್ಲಿ ತಿರುಗಿಸಿ, ನೀರಿನ ಸದ್ದಿನಲ್ಲಿ ಬಿಕ್ಕಿಬಿಕ್ಕಿ ಅತ್ತಳು. ಓಡಿಹೋಗಿಬಿಡಲೇ ಎನಿಸಿತು. ಹಿಂದಿನ ಬಾಗಿಲು ತೆರೆದೇ ಇತ್ತು. ಬಸ್ ನಿಲ್ದಾಣ ಅಲ್ಲೇ ಎದುರಿಗಿತ್ತು. ಬಾಗಿಲವರೆಗೆ ಹೋದಳು ಕೂಡ. ಹೊತ್ತು ಇಳಿಯತೊಡಗಿತ್ತು. ಹೊರಗೆ ರಸ್ತೆಯುದ್ದಕ್ಕೂ ನಿಂತ ಟ್ಯಾಂಕರ್‌ಗಳು, ಅವುಗಳ ನೆರಳಿನಲ್ಲಿ ಕುಕ್ಕರುಗಾಲಲ್ಲಿ ಕೂತ ಚಾಲಕರು. ಅವರಲ್ಲಿ ಯಾರು ತಮ್ಮ ಎಂದು ಹುಡುಕುವ ಧೈರ್ಯವಾಗದೆ ಹಿಂದಕ್ಕೆ ಬಂದಳು.

ಬಂದು ಕೂತು, ಬೆಳಗಿನಿಂದ ಮಾಡದಿದ್ದ ಒಂದು ಕೆಲಸ ಮಾಡಿದಳು. ಏನನ್ನೂ ಒತ್ತದೆ, ಆ ಸಾಫ್ಟ್‌ವೇರ್ ಬೀಳುವಾಗ ಬರೆದಿಡುತ್ತಿದ್ದ ಸಾಲುಗಳನ್ನು ಮೊದಲಿನಿಂದ ಓದತೊಡಗಿದಳು. ಕಣ್ಣು ಮಂಜಾಗಿ ಒಂದೊಂದು ಸಾಲನ್ನೂ ಎರಡೆರಡು ಸಲ ಓದಬೇಕಾಯಿತು. ಮೆಮೊರಿ ಸಾಲದು ಎಂದಿದ್ದುದು ಸರ್ವರಿಗಲ್ಲ, ಒಳಗಿನ ಯಾವ ಯಂತ್ರಕ್ಕೂ ಅಲ್ಲ. ಅದು ತನಗೇ ಸಾಲದು ಎನ್ನುತ್ತಿತ್ತು.

ಆಗ ಹೊಳೆಯಿತು. ಆ ಸಾಫ್ಟ್‌ವೇರ್ ತಾನು ಎಷ್ಟು ಮೆಮೊರಿ ಬಳಸಬಹುದು ಎಂಬುದಕ್ಕೆ ಒಂದು ಮಿತಿಯಿದೆ. ಯಂತ್ರಗಳು ಹೆಚ್ಚಾದಾಗ ಯಾವಾಗಲೋ ಅವಳೇ ಆ ಮಿತಿ ಏರಿಸಿ, ಏರಿಸಿದ್ದನ್ನು ಮರೆತೂ ಬಿಟ್ಟಿದ್ದಳು. ಹೊಸ ಆವೃತ್ತಿ ಬರುವಾಗ ಅದನ್ನು ಅಳಿಸಿ ತನ್ನ ಪುಟ್ಟ ಅಂಕಿಯನ್ನು ಬರೆದುಕೊಂಡಿತ್ತು. ಸುತ್ತ ರಾಶಿ ಬಿದ್ದಿದ್ದರೂ ಅದಕ್ಕೆ ಸಿಗುತ್ತಿದ್ದುದು ಒಂದು ಹಿಡಿ.

ಅಂಕಿ ಬದಲಿಸಿದಳು. ಸಾಫ್ಟ್‌ವೇರನ್ನು ಮತ್ತೆ ಶುರು ಮಾಡಿದಳು. ಬೀಳುತ್ತದೆ ಎಂದು ಕಾದಳು. ಬೀಳಲಿಲ್ಲ. ಯಂತ್ರಗಳು ಒಂದೊಂದಾಗಿ ಎದ್ದವು, ತಂಪಿನದು ಮೊದಲು. ಕಡಿಮೆ ಮಾಡಿದ್ದ ಲ್ಯಾಬಿನ ಪಾಲನ್ನು ಹಿಂದಿರುಗಿಸಿದಳು, ಅದೂ ಎದ್ದಿತು. ಮೇಲೆ ಕಂಪ್ರೆಸರ್ ಗುಡುಗಿ ಶುರುವಾಯಿತು. ಅವಳಿಗೆ ಸಂತೋಷವೇನೂ ಆಗಲಿಲ್ಲ.

ಲ್ಯಾಬಿನವಳು ಮೊದಲು ಟ್ಯಾಂಕಿನ ಹಾಲು ಪರೀಕ್ಷಿಸಿದಳು, ಆಮೇಲೆ ಲಾರಿಗಳದು. ಅವಳು ಮೆಟ್ಟಿಲ ಮೇಲೆ ನಿಂತು ತಲೆ ಅಲ್ಲಾಡಿಸಿದ ರೀತಿಯಲ್ಲೇ ಎಲ್ಲವೂ ತಿಳಿಯಿತು. ದೊಡ್ಡ ಟ್ಯಾಂಕಿನದು ಕೆಟ್ಟಿತ್ತು. ತಂಪಿಲ್ಲದ ಟ್ಯಾಂಕರ್‌ಗಳದೂ ಕೆಟ್ಟಿತ್ತು.

ಹಿತ್ತಲಿನ ಚರಂಡಿಗೆ ಹಾಲು ಬಿಟ್ಟರು. ಬಿಳಿ ನೊರೆ ಕಟ್ಟಿಕೊಂಡು ಅದು ಬಹಳ ಹೊತ್ತು ಹರಿಯಿತು. ಹುಳಿ ನಾತಕ್ಕೆ ಬೀದಿನಾಯಿಗಳು ಬಂದು ಸೇರಿದವು. ಸರ್ವರಮ್ಮ ಗೋಡೆಗೆ ಒರಗಿ ನಿಂತಿದ್ದಳು. ತಮ್ಮ ತನ್ನ ಟ್ಯಾಂಕರ್‌ನ ನಲ್ಲಿ ತಿರುಗಿಸಿ ಅವಳ ಪಕ್ಕ ಬಂದ.

"ಹೇಳು ಅಂದ್ನಲ್ಲ ಅಕ್ಕ. ಬೆಳಿಗ್ಗೆನೇ ಹೇಳಿದ್ರೆ ತಿರುಗಿಸ್ತಿದ್ದೆ."

"ಆಗುತ್ತೆ ಅಂದ್ಕೊಂಡಿದ್ದೆ ಕಣೋ."

"ಅಂದ್ಕೊಂಡಿರಲಿಲ್ಲ ನೀನು. ನಿನ್ನ ದನಿ ನನಗೆ ಗೊತ್ತಿಲ್ವಾ? ಗೊತ್ತಿದ್ದೂ ನಾನು ನಿಂತೆ, ನೀನು ಆಯ್ತು ಅಂದೆ ಅಂತ." ಚರಂಡಿಯ ಕಡೆ ಕೈ ತೋರಿಸಿದ: "ಎಷ್ಟು ಮನೆಯವರು ಕತ್ತಲಲ್ಲಿ ಎದ್ದು ಕರೆದ ಹಾಲು ಇದು. ನಾಳೆ ಅವರ ಬಾಗಿಲಿಗೆ ಹೋಗಿ ಮುಖ ತೋರಿಸೋನು ನಾನು."

ಅವಳು ಅವನ ತೋಳು ಹಿಡಿಯಲು ಹೋದಳು. ಅವನು ಕೈ ಕೊಡವಲಿಲ್ಲ, ಆದರೆ ನಿಲ್ಲಲೂ ಇಲ್ಲ.

ವಿಚಾರಣೆಯಲ್ಲಿ ಅವಳು ಏನನ್ನೂ ಮುಚ್ಚಿಡಲಿಲ್ಲ. ಒಬ್ಬಳೇ ಕೂತು ಮಾಡಿದ್ದು, ಪ್ರಯೋಗ ಮಾಡಿ ನೋಡದೆ ನೇರವಾಗಿ ಏರಿಸಿದ್ದು, ಲ್ಯಾಬಿನ ಪಾಲು ತಗ್ಗಿಸಿದ್ದು, ಗುಂಡಿ ಒತ್ತಿದ್ದು, ಎಲ್ಲವನ್ನೂ ಹೇಳಿದಳು. ಜವಾಬ್ದಾರಿ ನಿಮ್ಮದು ಎಂದ ಮಾತು ಕೆನೆ ಸಾಹೇಬರಿಗೆ ನೆನಪಿರಲಿಲ್ಲ. ಕೆಲಸ ಹೋಗುತ್ತದೆಂದು ಮೇಜಿನ ಖಾನೆಯನ್ನು ಖಾಲಿ ಮಾಡಿಟ್ಟಿದ್ದಳು. ಹೋಗಲಿಲ್ಲ. "ತೆಗೆದ್ರೆ ಆ ಕೋಣೆಗೆ ಕಾಲಿಡೋರು ಇನ್ಯಾರು?" ಎಂದು ಯಾರೋ ಕೇಳಿದರಂತೆ. ಅದು ಕ್ಷಮೆಯೂ ಅಲ್ಲ, ಶಿಕ್ಷೆಯೂ ಅಲ್ಲ. ಅವಳಿಗೆ ಎರಡರಲ್ಲಿ ಒಂದಾದರೂ ಬೇಕಿತ್ತು.

ತಮ್ಮ ಕೇಳಿಕೊಂಡು ಬೇರೆ ದಾರಿಗೆ ವರ್ಗ ಮಾಡಿಸಿಕೊಂಡ. ಅವನ ಹಾಲು ಈಗ ಇನ್ನೊಂದು ಡೈರಿಗೆ ಹೋಗುತ್ತದೆ. ಜಗಳ ಎಂದೇನೂ ಆಗಿಲ್ಲ. ಅಮ್ಮನನ್ನು ನೋಡಲು ಇಬ್ಬರೂ ಬಂದಾಗ ಅವಳ ಮಂಡಿನೋವು, ಸೋರುವ ಮಾಡು, ಸರ್ವರಮ್ಮನ ಮಗಳ ಪರೀಕ್ಷೆ, ಎಲ್ಲ ಮಾತಾಡುತ್ತಾರೆ. ಅಮ್ಮನಿಗೆ ಏನೋ ಇದೆ ಎಂದು ಗೊತ್ತು. ಒಂದು ಸಲ ಕೇಳಿಯೂ ಬಿಟ್ಟಳು: "ನೀವಿಬ್ರೂ ಯಾಕೆ ಹೀಗೆ ನೆಂಟರ ಥರ ಮಾತಾಡ್ತೀರಿ?"

"ಏನಿಲ್ಲಮ್ಮ" ಎಂದ ತಮ್ಮ, ತಟ್ಟೆಯ ಕಡೆ ನೋಡುತ್ತ. ಸರ್ವರಮ್ಮ ಎದ್ದು ಅವನಿಗೆ ಇನ್ನೊಂದು ಸೌಟು ಅನ್ನ ಬಡಿಸಿದಳು. ಬೇಡ ಎನ್ನದೆ ಅವನು ಉಂಡ.